ರೋಮನ್ ಶಿಲ್ಪ ಅಂದರೆ ಗ್ರೀಕರ ನಕಲಷ್ಟೇನಾ?

ಓದುಗರ ಪ್ರಶ್ನೆ: ಹೋದ ಬೇಸಿಗೆಯಲ್ಲಿ ಮಗಳ ಜೊತೆ ಇಟಲಿಗೆ ಹೋಗಿದ್ದೆ. ನೇಪಲ್ಸ್ ಮತ್ತು ರೋಮಿನ ಮ್ಯೂಸಿಯಂಗಳನ್ನು ನೋಡಿದೆವು. ಚೆನ್ನಾಗಿದೆ ಅನ್ನಿಸಿದ ಪ್ರತಿಮೆಗಳ ಕೆಳಗೆಲ್ಲ ಒಂದೇ ಮಾತು: 'ಗ್ರೀಕ್ ಮೂಲದ ರೋಮನ್ ಪ್ರತಿ'. ಹಾಗಾದರೆ ರೋಮನ್ನರು ಸ್ವಂತದ್ದು ಅಂತ ಏನೂ ಮಾಡಲಿಲ್ಲವೇ? ಗ್ರೀಕ್ ಯಾವುದು, ರೋಮನ್ ಯಾವುದು ಎಂದು ನೋಡಿದ ಕೂಡಲೇ ಗುರುತಿಸಲು ದಾರಿ ಇದೆಯೇ? ಮತ್ತೊಮ್ಮೆ ರೋಮಿಗೆ ಹೋಗುವ ಯೋಚನೆ ಇದೆ. ಈ ಸಲ ತಿಳಿದುಕೊಂಡು ನೋಡಬೇಕು ಎಂದು ಆಸೆ.

ಉತ್ತರ: ನೀವು ನೋಡಿದ ಆ ಫಲಕಗಳು ಸುಳ್ಳು ಹೇಳುತ್ತಿಲ್ಲ. ಆದರೆ ಅರ್ಧ ವಿಷಯ ಹೇಳಿ ನಿಲ್ಲಿಸಿಬಿಡುತ್ತವೆ. ರೋಮನ್ನರು ಗ್ರೀಕರಿಂದ ತುಂಬಾ ತೆಗೆದುಕೊಂಡರು, ಅದನ್ನು ಮುಚ್ಚಿಡಲೂ ಇಲ್ಲ. ತೆಗೆದುಕೊಂಡದ್ದನ್ನು ಎಲ್ಲಿ ಇಟ್ಟರು, ಯಾವುದರ ಜೊತೆ ಜೋಡಿಸಿದರು, ಯಾರ ಮುಖಕ್ಕೆ ಯಾವ ಮೈ ಕೊಟ್ಟರು ಎಂದು ನೋಡಬೇಕು. ರೋಮನ್ನರ ಸ್ವಂತಿಕೆ ಇರುವುದು ಅಲ್ಲಿ. ನನ್ನ ಮಟ್ಟಿಗೆ ಅದು ದೊಡ್ಡ ಸ್ವಂತಿಕೆಯೇ. ಇದಕ್ಕೆ ಸ್ವಲ್ಪ ಹಿಂದಿನ ಕತೆಯಿಂದ ಶುರು ಮಾಡಬೇಕು.

ಕ್ರಿ.ಪೂ. 212ರಲ್ಲಿ ರೋಮಿನ ಸೇನಾಪತಿ ಮಾರ್ಸೆಲಸ್ ಸಿಸಿಲಿಯ ಸಿರಾಕ್ಯೂಸ್ ನಗರವನ್ನು ಗೆದ್ದ. ಅದು ಗ್ರೀಕರ ಊರು, ಶ್ರೀಮಂತ ಊರು. ಅಲ್ಲಿನ ಪ್ರತಿಮೆ, ಚಿತ್ರಗಳನ್ನು ರಾಶಿ ರಾಶಿಯಾಗಿ ರೋಮಿಗೆ ತಂದ. ಕ್ರಿ.ಪೂ. 146ರಲ್ಲಿ ಮಮಿಯಸ್ ಎಂಬಾತ ಕೊರಿಂಥ್ ನಗರವನ್ನು ಹಾಳುಗೆಡವಿ ಅಲ್ಲಿನದನ್ನೂ ಸಾಗಿಸಿದ. ಇವನ ಬಗ್ಗೆ ರೋಮನ್ನರೇ ಒಂದು ಕತೆ ಹೇಳುತ್ತಿದ್ದರು. ಪ್ರತಿಮೆ ಹೊತ್ತು ಹಡಗಿಗೆ ಹಾಕುವವರಿಗೆ ಅವನು ಎಚ್ಚರಿಕೆ ಕೊಟ್ಟನಂತೆ: ಏನಾದರೂ ಕಳೆದುಹೋದರೆ ಹೊಸದನ್ನು ನೀವೇ ತಂದುಕೊಡಬೇಕು! ದೊಡ್ಡ ಶಿಲ್ಪಿಯೊಬ್ಬನ ಕೆಲಸವನ್ನು ಅಂಗಡಿಯಲ್ಲಿ ಸಿಗುವ ಸಾಮಾನು ಅಂದುಕೊಂಡಿದ್ದ. ಆದರೆ ಅವನ ಮುಂದಿನ ಎರಡು ತಲೆಮಾರಿನಲ್ಲಿ ರೋಮಿನ ಪ್ರತಿ ಶ್ರೀಮಂತನಿಗೂ ತೋಟದ ಮನೆ ಬೇಕಾಯಿತು, ಆ ತೋಟಕ್ಕೆ ಗ್ರೀಕ್ ಪ್ರತಿಮೆ ಬೇಕಾಯಿತು. ಲೂಟಿ ಮಾಡಿ ತಂದದ್ದು ಎಷ್ಟು ಜನಕ್ಕೆ ಸಾಲುತ್ತದೆ? ಕಾರ್ಖಾನೆಗಳು ಹುಟ್ಟಿಕೊಂಡವು. ಗ್ರೀಸಿನಿಂದ ಹೊರಟ ಹಡಗುಗಳು ಮೂರ್ತಿ, ಕಂಬ, ದೀಪದ ಕಂಭ ತುಂಬಿಕೊಂಡು ಇಟಲಿ ಕಡೆ ಬರತೊಡಗಿದವು. ಅವುಗಳಲ್ಲಿ ಕೆಲವು ದಾರಿಯಲ್ಲೇ ಮುಳುಗಿದವು. 1900ರಲ್ಲಿ ಗ್ರೀಸಿನ ಆಂಟಿಕಿಥೆರಾ ದ್ವೀಪದ ಹತ್ತಿರ, 1907ರಲ್ಲಿ ಟ್ಯುನೀಷಿಯಾದ ಮಹ್ದಿಯಾ ಹತ್ತಿರ ಸ್ಪಂಜು ತೆಗೆಯುವ ಮುಳುಗುಗಾರರಿಗೆ ಇಂಥ ಹಡಗುಗಳು ಸಿಕ್ಕವು. ಎರಡೂ ಕ್ರಿ.ಪೂ. 1ನೇ ಶತಮಾನದವು.

ಆ ಕಾಲದ ಗಿರಾಕಿಯ ಮನಸ್ಸು ಹೇಗಿತ್ತು ಎಂದು ತಿಳಿಯಲು ನಮಗೆ ಸಿಸೆರೋನ ಪತ್ರಗಳಿವೆ. ವಕೀಲ, ರಾಜಕಾರಣಿ, ಗ್ರೀಕ್ ಓದಿಕೊಂಡವನು. ತನ್ನ ಟಸ್ಕುಲಮ್ ಮನೆಗೆ ಪ್ರತಿಮೆ ಕಳಿಸು ಎಂದು ಅಥೆನ್ಸ್‌ನಲ್ಲಿದ್ದ ಗೆಳೆಯ ಅಟ್ಟಿಕಸ್‌ಗೆ ಮೇಲಿಂದ ಮೇಲೆ ಬರೆಯುತ್ತಾನೆ. ಇನ್ನೊಂದು ಪತ್ರ ಇನ್ನೂ ಸ್ವಾರಸ್ಯವಾಗಿದೆ. ಬೇರೊಬ್ಬ ಗೆಳೆಯ ಅವನಿಗಾಗಿ ಕೆಲವು ಪ್ರತಿಮೆ ಕೊಂಡಿದ್ದಾನೆ. ಬಾಕಸ್ ದೇವರ ಹಿಂದೆ ಕುಣಿಯುವ ಹೆಂಗಸರದ್ದು ಕೆಲವು, ಯುದ್ಧದ ದೇವರು ಮಾರ್ಸ್‌ನದು ಒಂದು. ಸಿಸೆರೋಗೆ ಸಿಟ್ಟು. ಓದುವ ಕೋಣೆಗೆ ವಿದ್ಯೆಯ ದೇವತೆಗಳಾದ ಮ್ಯೂಸ್‌ಗಳಾಗಿದ್ದರೆ ಸರಿ, ಈ ಕುಣಿಯುವವರನ್ನು ನಾನು ಎಲ್ಲಿ ಇಡಲಿ? ಶಾಂತಿ ಬೇಕು ಅನ್ನುವ ನನಗೆ ಮಾರ್ಸ್ ಯಾಕೆ? ಅವನ ಮಾತಿನ ಸಾರ ಇಷ್ಟು.

ಇಲ್ಲಿ ಒಂದು ವಿಷಯ ಗಮನಿಸಿ. ಅವನು ಶಿಲ್ಪಿಯ ಹೆಸರು ಕೇಳುತ್ತಿಲ್ಲ. ಮೂಲವೋ ಪ್ರತಿಯೋ ಎಂದೂ ಕೇಳುತ್ತಿಲ್ಲ. ಈ ಜಾಗಕ್ಕೆ, ಈ ಮನುಷ್ಯನಿಗೆ ಇದು ಒಪ್ಪುತ್ತದೆಯೇ ಎಂಬುದು ಅವನ ಪ್ರಶ್ನೆ. ರೋಮನ್ ಶಿಲ್ಪವನ್ನು ನೋಡುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ. ನೀವು ನೇಪಲ್ಸ್‌ನಲ್ಲಿ ನೋಡಿರುವ ದೊರಿಫೊರಸ್, ಅಂದರೆ ಈಟಿ ಹಿಡಿದ ಯುವಕ, ಪೊಂಪೇಯಿಯಲ್ಲಿ ಸಿಕ್ಕಿದ್ದು ಎಲ್ಲಿ ಗೊತ್ತೇ? ಹುಡುಗರು ಕಸರತ್ತು ಮಾಡುವ ಅಂಗಳದಲ್ಲಿ. ಹದವಾದ ಮೈ ಅಂದರೆ ಹೀಗಿರಬೇಕು ಎಂದು ಅವರ ಕಣ್ಣೆದುರೇ ನಿಂತಿತ್ತು.

ಆ ಈಟಿಗಾರನ ಬಳಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಅವನು ಮತ್ತೆ ಬರುತ್ತಾನೆ. ಮೂಲವನ್ನು ಮಾಡಿದವನು ಗ್ರೀಕ್ ಶಿಲ್ಪಿ ಪಾಲಿಕ್ಲೀಟಸ್, ಕ್ರಿ.ಪೂ. 440ರ ಆಸುಪಾಸಿನಲ್ಲಿ, ಕಂಚಿನಲ್ಲಿ. ದೇಹದ ಒಂದು ಭಾಗಕ್ಕೂ ಇನ್ನೊಂದಕ್ಕೂ ಎಷ್ಟು ಅಳತೆ ಇರಬೇಕು ಎಂದು ಅವನು ಒಂದು ಲೆಕ್ಕವನ್ನೇ ಹಾಕಿದ್ದ. ನಿಲುವು ಹೀಗಿದೆ: ಭಾರವೆಲ್ಲ ಬಲಗಾಲಿನ ಮೇಲೆ. ಎಡಗಾಲು ಹಿಂದೆ ಸರಿದು ಹಿಮ್ಮಡಿ ಎತ್ತಿದೆ. ಸೊಂಟ ಒಂದು ಕಡೆ ಏರಿದರೆ ಭುಜ ಇನ್ನೊಂದು ಕಡೆ ಏರುತ್ತದೆ. ಬಲಗೈ ಸುಮ್ನೆ ಇಳಿಬಿದ್ದಿದೆ, ಎಡಗೈ ಮಡಚಿ ಈಟಿ ಹಿಡಿದಿದೆ. ಕೆಲಸ ಮಾಡುವ ಕಾಲಿಗೆ ಎದುರು ಕೆಲಸ ಮಾಡುವ ಕೈ, ವಿಶ್ರಾಂತಿಯ ಕಾಲಿಗೆ ಎದುರು ವಿಶ್ರಾಂತಿಯ ಕೈ. ನಿಂತಿದ್ದಾನೋ ನಡೆಯುತ್ತಿದ್ದಾನೋ ಹೇಳಲಾಗದ ನಿಲುವು.

ಮೂಲ ಕಂಚು ಉಳಿದಿಲ್ಲ. ಗ್ರೀಕರ ದೊಡ್ಡ ಕಂಚಿನ ಪ್ರತಿಮೆಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಲೋಹಕ್ಕೆ ಯಾವಾಗಲೂ ಬೆಲೆ ಇರುತ್ತದೆ ಅಲ್ವಾ, ನಂತರದ ಶತಮಾನಗಳಲ್ಲಿ ಕರಗಿಸಿಬಿಟ್ಟರು. ಉಳಿದವುಗಳಲ್ಲಿ ಹಲವು ಸಮುದ್ರದ ತಳದಲ್ಲಿ ಮನುಷ್ಯರ ಕೈಗೆ ಸಿಗದೆ ಇದ್ದವು. 1972ರಲ್ಲಿ ದಕ್ಷಿಣ ಇಟಲಿಯ ರಿಯಾಚೆ ಕಡಲಲ್ಲಿ ಸಿಕ್ಕ ಇಬ್ಬರು ಯೋಧರ ಪ್ರತಿಮೆಗಳು ಅಂಥವು.

ಹಾಗಾದರೆ ರೋಮನ್ ಕಾಲದ ಕುಶಲಕರ್ಮಿ ಅಷ್ಟು ದೂರದ ಕಂಚನ್ನು ಅಮೃತಶಿಲೆಗೆ ಇಳಿಸಿದ್ದು ಹೇಗೆ? ಇದಕ್ಕೆ ಒಳ್ಳೆಯ ಸಾಕ್ಷಿ ನೇಪಲ್ಸ್ ಹತ್ತಿರದ ಬಾಯಾ ಎಂಬ ಊರಿನಲ್ಲಿ 1954ರಲ್ಲಿ ಸಿಕ್ಕಿತು. ಹಳೆಯ ಸ್ನಾನಗೃಹದ ನೆಲಮಾಳಿಗೆಯಲ್ಲಿ ನೂರಾರು ಪ್ಲಾಸ್ಟರ್ ತುಂಡುಗಳು. ಕೈ, ಕಾಲು, ಬಟ್ಟೆಯ ಮಡಿಕೆ, ಮುಖದ ಒಂದು ಭಾಗ. ನೋಡಿದರೆ, ಅವು ಪ್ರಸಿದ್ಧ ಗ್ರೀಕ್ ಕಂಚುಗಳ ಮೇಲೆಯೇ ಅಚ್ಚು ಹಾಕಿ ತೆಗೆದ ಎರಕಗಳು. ಅಥೆನ್ಸ್‌ನ ಚೌಕದಲ್ಲಿ ನಿಂತಿದ್ದ ಅರಿಸ್ಟೊಗೀಟನ್ ಎಂಬ ವೀರನ ಮುಖದ ತುಂಡೂ ಅದರಲ್ಲಿತ್ತು. ಅಂದರೆ ಇಟಲಿಯ ಕಾರ್ಖಾನೆಯಲ್ಲಿ ಕೂತೇ ಅಥೆನ್ಸ್‌ನ ಪ್ರತಿಮೆಯನ್ನು ಅಳೆಯಬಹುದಿತ್ತು. ಎರಕದ ಮೇಲೆ ಗುರುತು ಹಾಕಿ, ಆ ಗುರುತುಗಳ ನಡುವಿನ ದೂರ ಮತ್ತು ಆಳ ಅಳೆದು, ಕಲ್ಲಿನಲ್ಲಿ ಅಷ್ಟೇ ಆಳಕ್ಕೆ ಇಳಿಯುವುದು. ಅಲ್ಲಿಂದ ಮುಂದೆ ಉಳಿ, ಅರ, ಬೈರಿಗೆಯ ಕೆಲಸ.

ಆದರೆ ಕಲ್ಲಿಗೆ ಅದರದೇ ಗುಣ ಇದೆ. ಕಂಚಿನ ಪ್ರತಿಮೆ ಒಳಗೆ ಟೊಳ್ಳು, ಲೋಹಕ್ಕೆ ಎಳೆತ ತಡೆಯುವ ಶಕ್ತಿ ಇದೆ. ಹೀಗಾಗಿ ಕೈ ಚಾಚಬಹುದು, ಒಂದೇ ಕಾಲಿನ ಮೇಲೆ ನಿಲ್ಲಿಸಬಹುದು. ಅಮೃತಶಿಲೆ ಗಟ್ಟಿ, ಭಾರ, ಬಾಗಿದರೆ ಮುರಿಯುತ್ತದೆ. ಎರಡು ಮೀಟರ್ ಎತ್ತರದ ಕಲ್ಲಿನ ಮನುಷ್ಯನ ಪೂರ್ತಿ ಭಾರ ಎರಡು ಸಣ್ಣ ಕಣಕಾಲಿನ ಮೇಲೆ ಬೀಳುತ್ತದೆ. ಅದಕ್ಕೇ ಕಾಲಿನ ಪಕ್ಕ ಒಂದು ಮರದ ಬೊಡ್ಡೆ ಕೆತ್ತುತ್ತಿದ್ದರು. ನೇಪಲ್ಸ್‌ನ ಈಟಿಗಾರನನ್ನು ನೆನಪಿಸಿಕೊಳ್ಳಿ. ಬಲಗಾಲಿಗೆ ಅಂಟಿಕೊಂಡು ಬೊಡ್ಡೆ ಇದೆ, ತೊಡೆಗೂ ಮಣಿಕಟ್ಟಿಗೂ ನಡುವೆ ಒಂದು ಸಣ್ಣ ಕಲ್ಲಿನ ತುಂಡು ಸೇತುವೆಯ ಹಾಗೆ ಉಳಿದಿದೆ. ಕಂಚಿನಲ್ಲಿ ಇವು ಬೇಕಿರಲಿಲ್ಲ. ಈ ಆಸರೆಯ ಮೇಲೆ ಒಂದು ಕಣ್ಣು ಇಟ್ಟಿರಿ, ಮುಂದೆ ಅದರಿಂದಲೇ ತುಂಬಾ ವಿಷಯ ತಿಳಿಯುತ್ತದೆ.

ಈ ಪ್ರತಿಗಳನ್ನು ಕೀಳಾಗಿ ಕಾಣುವ ಅಭ್ಯಾಸ ಹಳೆಯದಲ್ಲ. 18ನೇ ಶತಮಾನದಲ್ಲಿ ವಿಂಕೆಲ್‌ಮನ್ ಎಂಬ ಜರ್ಮನ್ ವಿದ್ವಾಂಸ ಗ್ರೀಕ್ ಕಲೆಯನ್ನು ಹಾಡಿ ಹೊಗಳಿದ. ಅವನು ಅಷ್ಟೊಂದು ಮೆಚ್ಚಿದ ಬೆಲ್ವಿಡೆರ್ ಅಪೊಲೊ ಈಗಿನ ತಿಳಿವಳಿಕೆಯ ಪ್ರಕಾರ ರೋಮನ್ ಕಾಲದ್ದು. ಅವನ ನಂತರದವರು ಹಲವು ರೋಮನ್ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು, ಕಳೆದುಹೋದ ಗ್ರೀಕ್ ಮೂಲ ಹೇಗಿತ್ತು ಎಂದು ಊಹಿಸುವ ಕೆಲಸಕ್ಕೆ ಕೂತರು. ದೊಡ್ಡ ವಿದ್ವತ್ತಿನ ಕೆಲಸ, ಅದರಿಂದ ನಮಗೆ ತುಂಬಾ ಲಾಭವೂ ಆಯಿತು. ಆದರೆ ಕಣ್ಣೆದುರು ಇರುವ ಕಲ್ಲನ್ನು ಬಿಟ್ಟು ಅದರ ಹಿಂದೆ ಇಲ್ಲದಿರುವ ಕಂಚನ್ನೇ ನೋಡುವುದು ರೂಢಿಯಾಯಿತು. ನೀವು ಓದಿದ ಫಲಕಗಳು ಆ ರೂಢಿಯ ಮಕ್ಕಳು. ಕೆಲವು ಕಡೆ ಗ್ರೀಕ್ ಮೂಲ ಒಂದಿತ್ತು ಎನ್ನುವುದಕ್ಕೆ ಶೈಲಿ ಬಿಟ್ಟರೆ ಬೇರೆ ಆಧಾರವೇ ಇಲ್ಲ. ಹಳೆಯ ಗ್ರೀಕ್ ಶೈಲಿಯಲ್ಲಿ ಹೊಸದಾಗಿ ಮಾಡಿದ ರೋಮನ್ ಕೆಲಸವೂ ಆಗಿರಬಹುದು ಎಂದು ಇತ್ತೀಚಿನ ಸಂಶೋಧಕರು ಒತ್ತಿ ಹೇಳುತ್ತಿದ್ದಾರೆ. ನಾನು ಅವರ ಪಕ್ಷ.

ಪ್ರತಿ ಎಂದು ತಳ್ಳಿಹಾಕುವವರಿಗೆ ನಾನು ತೋರಿಸುವ ಉದಾಹರಣೆ ಒಂದಿದೆ. ಅಥೆನ್ಸ್‌ನ ಅಕ್ರೊಪೊಲಿಸ್ ಮೇಲಿನ ಎರೆಕ್ಥಿಯಾನ್ ದೇವಸ್ಥಾನದಲ್ಲಿ ಕಂಬದ ಬದಲು ಆರು ಹೆಣ್ಣುಮಕ್ಕಳು ಮಾಡನ್ನು ತಲೆಯ ಮೇಲೆ ಹೊತ್ತು ನಿಂತಿದ್ದಾರೆ. ಎಲ್ಲರಿಗೂ ತೋಳು ಮುರಿದಿದೆ. ಆ ಕೈಯಲ್ಲಿ ಏನಿತ್ತು ಎಂಬುದು ಬಹಳ ಕಾಲ ತಿಳಿದಿರಲಿಲ್ಲ. ಚಕ್ರವರ್ತಿ ಹೇಡ್ರಿಯನ್ ಟಿವೊಲಿಯ ತನ್ನ ಅರಮನೆಯ ಕೊಳದ ಪಕ್ಕ ಆ ಹೆಣ್ಣುಮಕ್ಕಳ ಪ್ರತಿಗಳನ್ನು ನಿಲ್ಲಿಸಿದ್ದ. 1950ರ ದಶಕದಲ್ಲಿ ಅವು ಅಗೆದಾಗ ಸಿಕ್ಕವು. ಅವುಗಳ ಕೈ ಉಳಿದಿತ್ತು. ಕೈಯಲ್ಲಿ ದೇವರಿಗೆ ದ್ರವ ಎರೆಯುವ ಅಗಲ ಬಟ್ಟಲು! ಅಥೆನ್ಸ್‌ನ ಮೂಲ ಹೇಳದೇ ಹೋದದ್ದನ್ನು ರೋಮನ್ ಪ್ರತಿ ಹೇಳಿತು.

ಇನ್ನೊಂದು ಮಾತು. 'ಗ್ರೀಕ್', 'ರೋಮನ್' ಎಂದು ನಾವು ಗೆರೆ ಎಳೆದ ಹಾಗೆ ಆ ಕಾಲದ ಕಾರ್ಖಾನೆಗಳಲ್ಲಿ ಗೆರೆ ಇರಲಿಲ್ಲ. ರೋಮನ್ ಗಿರಾಕಿಗೆ ಕೆಲಸ ಮಾಡುತ್ತಿದ್ದ ಶಿಲ್ಪಿಗಳಲ್ಲಿ ಗ್ರೀಕರೇ ಜಾಸ್ತಿ. ಹರ್ಕ್ಯುಲೇನಿಯಮ್‌ನ ಒಂದು ದೊಡ್ಡ ಮನೆಯಲ್ಲಿ ಅದೇ ಈಟಿಗಾರನ ತಲೆಯ ಕಂಚಿನ ಪ್ರತಿ ಸಿಕ್ಕಿದೆ. ಅದರ ಮೇಲೆ 'ಅಥೆನ್ಸ್‌ನ ಆರ್ಕಿಯಸ್‌ನ ಮಗ ಅಪೊಲೋನಿಯಸ್ ಮಾಡಿದ' ಎಂದು ಗ್ರೀಕ್‌ನಲ್ಲಿ ಕೊರೆದಿದೆ. ನಕಲಿಗೆ ಹೆಸರು ಹಾಕಿಕೊಳ್ಳಲು ಅವನಿಗೆ ನಾಚಿಕೆ ಇರಲಿಲ್ಲ, ಹೆಮ್ಮೆ ಇತ್ತು. ಈಗಿನ ಟರ್ಕಿಯಲ್ಲಿರುವ ಅಫ್ರೊಡಿಸಿಯಾಸ್ ಊರಿನ ಶಿಲ್ಪಿಗಳು ಹೇಡ್ರಿಯನ್ ಕಾಲದಲ್ಲಿ ರೋಮಿನವರೆಗೂ ಹೆಸರು ಮಾಡಿದ್ದರು. ಅದಕ್ಕೇ ಕೆತ್ತಿದ ಕೈ ಯಾವ ಜನಾಂಗದ್ದು ಎಂಬ ಲೆಕ್ಕದಲ್ಲಿ ರೋಮನ್ ಕಲೆಯನ್ನು ಹುಡುಕಿದರೆ ಸಿಗುವುದಿಲ್ಲ. ಹಣ ಕೊಟ್ಟವನು ಏನು ಕೇಳಿದ, ನೋಡುವವನು ಏನು ಓದಿಕೊಂಡ ಎಂಬಲ್ಲಿ ಹುಡುಕಬೇಕು.

ಈಗ ಮುಖಕ್ಕೆ ಬರೋಣ. ರೋಮನ್ನರದೇ ಎಂದು ಧೈರ್ಯವಾಗಿ ಹೇಳಬಹುದಾದ ಮೊದಲ ವಿಷಯ ಇದು. ಗ್ರೀಕರಿಗೆ ದೇಹ ಮತ್ತು ಮುಖ ಒಂದೇ ಅಖಂಡ. ರೋಮನ್ನರಿಗೆ ಮನುಷ್ಯ ಇರುವುದು ಮುಖದಲ್ಲಿ. ಇದರ ಬೇರು ಅವರ ಮನೆಯಲ್ಲೇ ಇದೆ. ದೊಡ್ಡ ಮನೆತನಗಳು ಅಧಿಕಾರ ನಡೆಸಿದ ತಮ್ಮ ಹಿರಿಯರ ಮೇಣದ ಮುಖವಾಡಗಳನ್ನು ಹಜಾರದ ಗೂಡುಗಳಲ್ಲಿ ಇಡುತ್ತಿದ್ದವು. ಮನೆಯಲ್ಲಿ ದೊಡ್ಡವರು ಸತ್ತಾಗ ಆ ಮುಖವಾಡ ಹಾಕಿಕೊಂಡ ಜನ, ಆಯಾ ಹಿರಿಯರ ಪದವಿಯ ಉಡುಗೆ ತೊಟ್ಟು ಶವಯಾತ್ರೆಯಲ್ಲಿ ನಡೆಯುತ್ತಿದ್ದರು. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಇದನ್ನು ಬೆರಗಿನಿಂದ ವರ್ಣಿಸುತ್ತಾನೆ. ಇಂಥ ಸಮಾಜದಲ್ಲಿ ಸುಕ್ಕು ಅಂದರೆ ಗೌರವ. ಬೋಳು ತಲೆ, ಬತ್ತಿದ ಕೆನ್ನೆ, ಜೋತ ಗಂಟಲು, ಹಣೆಯ ಗೆರೆ, ಎಲ್ಲವೂ ನಾನು ಇಷ್ಟು ವರ್ಷ ಊರಿಗಾಗಿ ದುಡಿದಿದ್ದೇನೆ ಎಂದು ಹೇಳುತ್ತವೆ. ಕ್ರಿ.ಪೂ. 1ನೇ ಶತಮಾನದ ರೋಮನ್ ತಲೆಗಳನ್ನು ನೋಡಿದರೆ ಬಸ್ಸಿನಲ್ಲಿ ಪಕ್ಕ ಕೂತ ಯಜಮಾನರನ್ನು ನೋಡಿದ ಹಾಗೆ ಅನ್ನಿಸುತ್ತದೆ. ಇಟಲಿಯಲ್ಲಿ ರೋಮನ್ನರಿಗಿಂತ ಮೊದಲೇ ಬಾಳಿದ ಎಟ್ರಸ್ಕನ್ನರ ಪಾಲೂ ಇದರಲ್ಲಿದೆ. ಫ್ಲಾರೆನ್ಸ್‌ನಲ್ಲಿರುವ ಭಾಷಣಕಾರನ ಕಂಚಿನ ಪ್ರತಿಮೆ ಇದಕ್ಕೆ ಒಳ್ಳೆಯ ಸಾಕ್ಷಿ. ಸಾಧಾರಣ ಮುಖ, ಮೈತುಂಬ ಟೋಗ (ರೋಮನ್ನರು ಮೈಗೆ ಸುತ್ತಿಕೊಳ್ಳುತ್ತಿದ್ದ ಉದ್ದನೆ ಹೊದಿಕೆ), ಜನರನ್ನು ಉದ್ದೇಶಿಸಿ ಎತ್ತಿದ ಬಲಗೈ, ಟೋಗದ ಅಂಚಿನಲ್ಲಿ ಎಟ್ರಸ್ಕನ್ ಭಾಷೆಯ ಬರಹ. ಈ ಎತ್ತಿದ ಬಲಗೈಯನ್ನು ನೆನಪಿಟ್ಟುಕೊಳ್ಳಿ.

ಗ್ರೀಕ್ ಮೈ, ರೋಮನ್ ಮುಖ ಎರಡೂ ಒಂದೇ ಕಲ್ಲಿನಲ್ಲಿ ಎದುರುಬದುರಾದರೆ ಏನಾಗುತ್ತದೆ? ಟಿವೊಲಿಯ ಹರ್ಕ್ಯುಲಿಸ್ ದೇವಸ್ಥಾನದ ಜಾಗದಲ್ಲಿ ಸಿಕ್ಕ ಒಬ್ಬ ಸೇನಾಪತಿಯ ಪ್ರತಿಮೆ ಇದೆ, ಈಗ ರೋಮಿನಲ್ಲಿದೆ. ಕ್ರಿ.ಪೂ. 1ನೇ ಶತಮಾನದ ಮೊದಲ ಭಾಗದ್ದು. ಕುತ್ತಿಗೆಯಿಂದ ಕೆಳಗೆ ನೋಡಿದರೆ ಗ್ರೀಕ್ ವೀರನ ಮೈ. ಅಗಲ ಎದೆ, ಬಿಗಿಯಾದ ಹೊಟ್ಟೆ, ಸೊಂಟದ ಸುತ್ತ ಮಾತ್ರ ಒಂದು ಮೇಲುಹೊದಿಕೆ. ಕುತ್ತಿಗೆಯಿಂದ ಮೇಲೆ ಐವತ್ತು ದಾಟಿದ ರೋಮನ್ ಅಧಿಕಾರಿ. ಕಣ್ಣಿನ ಮೂಲೆಯಲ್ಲಿ ಗೆರೆ, ಮೂಗಿನಿಂದ ಬಾಯಿಗೆ ಇಳಿದ ಆಳದ ಸುಕ್ಕು. ಮೊದಲ ಸಲ ನೋಡಿದವರಿಗೆ ಯಾರದೋ ತಲೆಯನ್ನು ಯಾರದೋ ಮೈಗೆ ಅಂಟಿಸಿದ ಹಾಗೆ ಕಾಣಬಹುದು. ಆದರೆ ಮಾಡಿಸಿದವನಿಗೆ ಅದು ಸರಿಯಾಗಿಯೇ ಇತ್ತು. ಮುಖ ಹೇಳುವುದು: ಇವನು ನಮ್ಮ ಊರಿನ ಇಂಥವನು, ಅನುಭವಸ್ಥ. ಮೈ ಹೇಳುವುದು: ಇವನ ಶೌರ್ಯ ದೇವರಿಗೆ ಸಮ. ಎರಡು ಮಾತು, ಎರಡು ಶೈಲಿ. ಕಾಲಿನ ಪಕ್ಕ ನೋಡಿ. ಮರದ ಬೊಡ್ಡೆ ಇಲ್ಲ! ಅದರ ಜಾಗದಲ್ಲಿ ಎದೆಕವಚ ಇದೆ. ಕಲ್ಲನ್ನು ಹಿಡಿದು ನಿಲ್ಲಿಸುವ ಆಸರೆಯೇ ಈಗ ಇವನು ಸೇನಾಪತಿ ಎಂದು ಹೇಳುತ್ತಿದೆ. ಗ್ರೀಕ್ ಕಂಚನ್ನು ಕಲ್ಲಿಗೆ ತರುವಾಗ ಬಂದ ಒಂದು ತೊಡಕನ್ನು ರೋಮನ್ನರು ಮಾತಾಡುವ ಜಾಗ ಮಾಡಿಕೊಂಡರು. ಈ ಪ್ರತಿಮೆ ನನಗೆ ಬಹಳ ಇಷ್ಟ, ಮುಖ್ಯ ಕಾರಣ ಇದೇ.

ಇದರ ಮುಂದಿನ ಹೆಜ್ಜೆ ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್. 1863ರಲ್ಲಿ ರೋಮಿನ ಉತ್ತರಕ್ಕಿರುವ ಪ್ರಿಮಾ ಪೋರ್ಟಾದಲ್ಲಿ, ಅವನ ಹೆಂಡತಿ ಲಿವಿಯಾಳ ತೋಟದ ಮನೆಯ ಅವಶೇಷದಲ್ಲಿ ಸಿಕ್ಕ ಪ್ರತಿಮೆ. ಈಗ ವ್ಯಾಟಿಕನ್ ಮ್ಯೂಸಿಯಂನಲ್ಲಿದೆ. ಎರಡು ಮೀಟರ್‌ಗಿಂತ ಸ್ವಲ್ಪ ಎತ್ತರ. ನೀವು ನೋಡಿಯೇ ಇರುತ್ತೀರಿ. ಈಗ ಭಾಗ ಭಾಗವಾಗಿ ನೋಡಿ. ಕಾಲುಗಳು ಯಾರವು? ಈಟಿಗಾರನವು. ಭಾರ ಬಲಗಾಲಿಗೆ, ಎಡಗಾಲು ಹಿಂದೆ, ಹಿಮ್ಮಡಿ ಮೇಲೆ. ತಲೆ ತಿರುಗಿದ ರೀತಿಯೂ ಅದೇ. ಬಲಗೈ ಮಾತ್ರ ಅವನದಲ್ಲ. ಈಟಿಗಾರನ ಬಲಗೈ ಇಳಿಬಿದ್ದಿತ್ತು, ಇಲ್ಲಿ ಅದು ಮೇಲೆದ್ದಿದೆ. ಸೈನಿಕರನ್ನು ಉದ್ದೇಶಿಸಿ ಮಾತಾಡುವ ಕೈ, ಫ್ಲಾರೆನ್ಸ್‌ನ ಭಾಷಣಕಾರನ ಕೈಯ ವಂಶದ್ದು. ಗ್ರೀಕ್ ಕಾಲಿನ ಮೇಲೆ ಇಟಲಿಯ ಕೈ. ತಾನೇ ಸಂಪೂರ್ಣವಾಗಿ ತನ್ನೊಳಗೆ ಇದ್ದ ಗ್ರೀಕ್ ಯುವಕ ಈ ಒಂದು ಕೈಯಿಂದ ಎದುರಿಗೆ ಜನ ಇರುವ ನಾಯಕನಾಗಿಬಿಟ್ಟ.

ಬರಿ ಮೈ ಇಲ್ಲ, ಕವಚ ಇದೆ. ಕವಚದ ನಡುವೆ ಪಾರ್ಥಿಯನ್ ಒಬ್ಬ, ಅಂದರೆ ಇರಾನ್ ಕಡೆಯ ಶತ್ರು ರಾಜ್ಯದವನು, ರೋಮನ್ ಸೇನೆಯ ಲಾಂಛನದ ಕಂಬವನ್ನು ಹಿಂದಿರುಗಿಸುತ್ತಿದ್ದಾನೆ. ಇದು ನಡೆದ ಘಟನೆ. ಕ್ರಿ.ಪೂ. 53ರಲ್ಲಿ ಕಾರ್ಹೆ ಎಂಬಲ್ಲಿ ರೋಮನ್ ಸೇನಾಪತಿ ಕ್ರಾಸಸ್ ಸೋತು ಕಳೆದುಕೊಂಡದ್ದನ್ನು ಅಗಸ್ಟಸ್ ಕ್ರಿ.ಪೂ. 20ರಲ್ಲಿ ಯುದ್ಧವಿಲ್ಲದೆ ಮಾತುಕತೆಯಿಂದ ವಾಪಸು ಪಡೆದ. ಈ ದೃಶ್ಯದ ಮೇಲೆ ಆಕಾಶ ದೇವರು, ಸೂರ್ಯನ ರಥ. ಕೆಳಗೆ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ಭೂದೇವಿ. ರಾಜತಂತ್ರದ ಒಂದು ಸುದ್ದಿಗೆ ಇಡೀ ಲೋಕವೇ ಸಾಕ್ಷಿ ನಿಂತಿದೆ. ಇನ್ನು ಆಸರೆ: ಬಲಗಾಲಿನ ಪಕ್ಕ ಡಾಲ್ಫಿನ್ ಮೇಲೆ ಕೂತ ಪುಟ್ಟ ಕ್ಯುಪಿಡ್. ಕ್ಯುಪಿಡ್ ವೀನಸ್ ದೇವತೆಯ ಮಗ. ಅಗಸ್ಟಸ್‌ನ ಮನೆತನ ತಮ್ಮ ಮೂಲ ವೀನಸ್ ಎಂದು ಹೇಳಿಕೊಳ್ಳುತ್ತಿತ್ತು. ಮರದ ಬೊಡ್ಡೆ ಎದೆಕವಚವಾಯಿತು, ಎದೆಕವಚ ವಂಶವೃಕ್ಷವಾಯಿತು. ಮೇಲಾಗಿ ಇದೆಲ್ಲಕ್ಕೂ ಬಣ್ಣ ಇತ್ತು. ಕೆಂಪು, ನೀಲಿಯ ಕುರುಹು ಕಲ್ಲಿನ ಮೇಲೆ ಸಿಕ್ಕಿದೆ. ಬಿಳಿ ಅಮೃತಶಿಲೆಯ ಮೋಹ ನಮ್ಮದು, ಗ್ರೀಕರದೂ ಅಲ್ಲ, ರೋಮನ್ನರದೂ ಅಲ್ಲ.

ಅವನ ಮುಖದಲ್ಲಿ ಸುಕ್ಕು ಇಲ್ಲ ಎನ್ನುವುದನ್ನೂ ಗಮನಿಸಿ. ಅಗಸ್ಟಸ್ ತೀರಿಕೊಂಡಾಗ 75 ದಾಟಿತ್ತು. ಒಂದು ಪ್ರತಿಮೆಯೂ ಅವನನ್ನು ಮುದುಕನಾಗಿ ತೋರಿಸುವುದಿಲ್ಲ. ಹಳೆಯ ಸುಕ್ಕಿನ ಮುಖಗಳು ಚಕ್ರವರ್ತಿಗಳಿಗಿಂತ ಮೊದಲಿದ್ದ ಗಣರಾಜ್ಯದ ಹಿರಿಯರವು, ಪರಸ್ಪರ ಕಾದಾಡಿ ದೇಶವನ್ನು ಹರಿದು ಹಾಕಿದವರವು. ಹೊಸ ಕಾಲ ಬಂದಿದೆ ಎಂದು ಹೇಳಬೇಕಿತ್ತು. ಅದಕ್ಕೆ ಅವನ ಶಿಲ್ಪಿಗಳು ನಾಲ್ಕು ನೂರು ವರ್ಷ ಹಿಂದಿನ ಅಥೆನ್ಸ್‌ನ ಶಾಂತ, ವಯಸ್ಸಾಗದ ಮುಖವನ್ನು ಆರಿಸಿದರು. ಆದರೆ ಹಣೆಯ ಮೇಲಿನ ಕೂದಲು ಮಾತ್ರ ಅವನದೇ. ನಡುವೆ ಎರಡಾಗಿ ಕವಲೊಡೆದ ಎಳೆಗಳು. ಸಾಮ್ರಾಜ್ಯದ ಯಾವ ಮೂಲೆಯಲ್ಲಿ ಅವನ ತಲೆ ಸಿಕ್ಕರೂ ಆ ಕವಲಿನಿಂದ ಗುರುತಿಸಬಹುದು. ಈ ಮುಖ ನಾಣ್ಯದ ಮೇಲೆ ಕೂತು ನಮ್ಮ ಕಡೆಗೂ ಬಂದಿದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕಿವೆ. ಅಗಸ್ಟಸ್, ಅವನ ನಂತರದ ಟೈಬೀರಿಯಸ್ ಕಾಲದವು ಅವುಗಳಲ್ಲಿವೆ. ಮೆಣಸು, ಬಟ್ಟೆ, ಹರಳು ಕೊಳ್ಳಲು ಬಂದ ಬೆಳ್ಳಿಯ ಜೊತೆ ಆ ನುಣುಪಾದ ಮುಖವೂ ಬಂತು.

ಶೈಲಿ ಅವರಿಗೆ ಒಂದು ಆಯ್ಕೆ ಎಂಬುದಕ್ಕೆ ಮುಂದಿನ ಚಕ್ರವರ್ತಿಗಳೇ ಸಾಕ್ಷಿ. ನೀರೋ ಸತ್ತ ಮೇಲೆ ಕ್ರಿ.ಶ. 69ರಲ್ಲಿ ಪಟ್ಟಕ್ಕೆ ಬಂದ ವೆಸ್ಪೇಸಿಯನ್ ಮತ್ತೆ ಬೋಳು ತಲೆ, ಸುಕ್ಕು ಮುಖಕ್ಕೆ ಮರಳಿದ. ನಾನು ಐಷಾರಾಮದವನಲ್ಲ, ಹಳೆಯ ಕಾಲದ ಸಿಪಾಯಿ ಎಂದು ಜನರಿಗೆ ಹೇಳಬೇಕಿತ್ತು. ಗ್ರೀಕ್ ಪ್ರಿಯ ಹೇಡ್ರಿಯನ್ ಗಡ್ಡ ಬಿಟ್ಟ, ಅವನ ನಂತರದ ಚಕ್ರವರ್ತಿಗಳೂ ಬಿಟ್ಟರು. ಶಿಲ್ಪಿಗಳಿಗೆ ಎರಡೂ ಬರುತ್ತಿತ್ತು. ಕೇಳಿದ್ದನ್ನು ಕೊಟ್ಟರು.

ಕತೆ ಹೇಳುವ ಉಬ್ಬುಶಿಲ್ಪದಲ್ಲಂತೂ ರೋಮನ್ನರನ್ನು ಮೀರಿಸಿದವರಿಲ್ಲ. ಗ್ರೀಕರು ತಮ್ಮ ಯುದ್ಧಗಳನ್ನು ಹೇಳಬೇಕಾದರೆ ಸಾಮಾನ್ಯವಾಗಿ ಪುರಾಣದ ಮರೆ ಹಿಡಿಯುತ್ತಿದ್ದರು. ಪರ್ಷಿಯನ್ನರ ಮೇಲಿನ ಗೆಲುವಿನ ಬದಲು ಅಮೆಜಾನ್ ಹೆಣ್ಣುಗಳ ಮೇಲೋ, ಅರ್ಧ ಕುದುರೆ ಅರ್ಧ ಮನುಷ್ಯರ ಮೇಲೋ ಗೆಲುವು. ರೋಮನ್ನರಿಗೆ ಆದ ಘಟನೆಯೇ ಬೇಕು, ಇಂಥ ವರ್ಷ, ಇಂಥ ನದಿ, ಇಂಥ ಶತ್ರು. ಕ್ರಿ.ಶ. 113ರಲ್ಲಿ ಸಮರ್ಪಣೆಯಾದ, ರೋಮಿನಲ್ಲಿರುವ ಚಕ್ರವರ್ತಿ ಟ್ರೇಜನ್‌ನ ಸ್ತಂಭ ಇದರ ಶಿಖರ. ಪೀಠ ಸೇರಿ ಸುಮಾರು 38 ಮೀಟರ್ ಎತ್ತರ. ಬುಡದಿಂದ ತುದಿಯವರೆಗೆ ಸುರುಳಿ ಸುತ್ತಿದ ಕೆತ್ತನೆಯ ಪಟ್ಟಿಯನ್ನು ಬಿಚ್ಚಿ ಹಾಸಿದರೆ ಸುಮಾರು 200 ಮೀಟರ್ ಆಗುತ್ತದೆ. 2,500ಕ್ಕೂ ಹೆಚ್ಚು ಆಕೃತಿಗಳು. ಈಗಿನ ರೊಮೇನಿಯಾ ಪ್ರದೇಶದ ಡೇಸಿಯನ್ನರ ಮೇಲೆ ನಡೆದ ಎರಡು ಯುದ್ಧಗಳ ಕತೆ. ಅಚ್ಚರಿ ಏನೆಂದರೆ ಕಾದಾಟ ಕಡಿಮೆ. ಸೈನಿಕರು ಮರ ಕಡಿಯುತ್ತಾರೆ, ಮಣ್ಣು ಹೊರುತ್ತಾರೆ, ಕೋಟೆ ಕಟ್ಟುತ್ತಾರೆ, ಗಾಯಾಳುವಿಗೆ ಪಟ್ಟಿ ಕಟ್ಟುತ್ತಾರೆ. ಸಾಮ್ರಾಜ್ಯ ನಡೆಯುವುದು ಈ ಕೆಲಸಗಳಿಂದ ಎಂದು ಗೊತ್ತಿದ್ದವರು ಮಾಡಿಸಿದ ಕೆತ್ತನೆ. ಇಂಥದ್ದು ಗ್ರೀಸ್‌ನಲ್ಲಿ ಇರಲಿಲ್ಲ.

ಆದರೆ ಕೆಳಗಿನ ಸುತ್ತಿನಲ್ಲಿ, ಸೈನ್ಯ ದೋಣಿಗಳ ಸೇತುವೆ ಮೇಲೆ ಡ್ಯಾನ್ಯೂಬ್ ದಾಟುವಾಗ, ನೀರಿನಿಂದ ಒಬ್ಬ ದೊಡ್ಡ ಗಡ್ಡದವನು ಎದ್ದು ನೋಡುತ್ತಾನೆ. ಅವನು ನದಿ ದೇವರು, ಅಚ್ಚ ಗ್ರೀಕ್ ಆಕೃತಿ. ಎರಡು ಯುದ್ಧಗಳ ನಡುವೆ ಸ್ತಂಭದ ಮಧ್ಯದಲ್ಲಿ ರೆಕ್ಕೆಯ ವಿಜಯ ದೇವತೆ ಗುರಾಣಿಯ ಮೇಲೆ ಬರೆಯುತ್ತಾಳೆ. ಅವಳೂ ಗ್ರೀಕ್ ಮನೆಯವಳು. ಇಷ್ಟು ಉದ್ದದ ವರದಿಯಲ್ಲಿ ದೇವರ ನೋಟ ಬೇಕಾದಾಗ ಮಾತ್ರ ಶಿಲ್ಪಿ ಗ್ರೀಕ್ ಶೈಲಿಗೆ ಕೈ ಹಾಕುತ್ತಾನೆ. ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಗುರುತಿಸುವುದು ಹೇಗೆ. ನೂರಕ್ಕೆ ನೂರು ಹೇಳುವ ಸೂತ್ರ ಇಲ್ಲ, ಆದರೆ ಕೆಲವು ಗುರುತು ಇವೆ. ಅಮೃತಶಿಲೆಯ ಪ್ರತಿಮೆಗೆ ಮೈಗೆ ಸಂಬಂಧವಿಲ್ಲದ ಬೊಡ್ಡೆ, ಕಡ್ಡಿಯಂಥ ಆಸರೆ ಇದ್ದರೆ ಕಂಚಿನಿಂದ ಕಲ್ಲಿಗೆ ಬಂದ ರೋಮನ್ ಕೆಲಸ ಎಂದು ಅನುಮಾನಿಸಿ. ಕಣ್ಣುಗುಡ್ಡೆ ನೋಡಿ: ಹೇಡ್ರಿಯನ್ ಕಾಲದವರೆಗೆ ಪಾಪೆಗೆ ಬಣ್ಣ ಹಾಕುತ್ತಿದ್ದರು, ಕಲ್ಲು ನುಣುಪಾಗಿರುತ್ತದೆ. ಸುಮಾರು ಕ್ರಿ.ಶ. 130ರಿಂದ ಪಾಪೆಯನ್ನು ಕೊರೆಯತೊಡಗಿದರು. ಕೂದಲಲ್ಲಿ ಬೈರಿಗೆಯ ಆಳದ ತೂತು, ಕಪ್ಪು ನೆರಳು ಜಾಸ್ತಿ ಇದ್ದರೆ ಕ್ರಿ.ಶ. 1ನೇ ಶತಮಾನದ ಕೊನೆ ಅಥವಾ ಅದರ ನಂತರದ್ದು. ತಲೆ ಮತ್ತು ಎದೆ ಮಾತ್ರ ಇರುವ ಪ್ರತಿಮೆಗಳಲ್ಲಿ, ಕಾಲ ಹೋದ ಹಾಗೆ ಎದೆಯ ಭಾಗ ದೊಡ್ಡದಾಗುತ್ತದೆ. ಅಗಸ್ಟಸ್ ಕಾಲದಲ್ಲಿ ಕೊರಳೆಲುಬಿನ ಹತ್ತಿರ ನಿಲ್ಲುತ್ತಿದ್ದದ್ದು ಹೇಡ್ರಿಯನ್ ಹೊತ್ತಿಗೆ ತೋಳಿನ ಮೇಲ್ಭಾಗವನ್ನೂ ಸೇರಿಸಿಕೊಳ್ಳುತ್ತದೆ. ಒಂದು ಎಚ್ಚರಿಕೆ: ಮೂಗು, ಕೈ, ಕೆಲವೊಮ್ಮೆ ಇಡೀ ತಲೆ 17, 18ನೇ ಶತಮಾನದ ರಿಪೇರಿ ಆಗಿರುತ್ತದೆ. ಬ್ರಿಟಿಷ್ ಮ್ಯೂಸಿಯಂನ ಚಕ್ರ ಎಸೆಯುವ ಆಟಗಾರನಿಗೆ ತಲೆಯನ್ನು ತಪ್ಪು ದಿಕ್ಕಿಗೆ ಕೂರಿಸಿದ್ದಾರೆ. ಅವನು ಹಿಂತಿರುಗಿ ಚಕ್ರದ ಕಡೆ ನೋಡಬೇಕಿತ್ತು, ನೆಲ ನೋಡುತ್ತಾನೆ.

ಮುಂದಿನ ಸಲ ರೋಮಿನಲ್ಲಿ ನಿಮಗೆ ಅರ್ಧ ದಿನ ಮಾತ್ರ ಸಿಕ್ಕರೂ ಪರವಾಗಿಲ್ಲ, ಟರ್ಮಿನಿ ರೈಲು ನಿಲ್ದಾಣದ ಎದುರಿನ ಪಲಾತ್ಸೊ ಮಾಸಿಮೊಗೆ ಹೋಗಿ. ಮೊದಲು ಕೂತ ಮುಷ್ಟಿಕಾಳಗದವನನ್ನು ನೋಡಿ. 1885ರಲ್ಲಿ ಕ್ವಿರಿನಾಲ್ ಗುಡ್ಡದಲ್ಲಿ ಸಿಕ್ಕ ಗ್ರೀಕ್ ಕಂಚು. ಮುರಿದ ಮೂಗು, ಊದಿದ ಕಿವಿ, ಕೈಗೆ ಸುತ್ತಿದ ಚರ್ಮದ ಪಟ್ಟಿ. ಗಾಯಗಳಿಗೆ, ತೋಳು ತೊಡೆಯ ಮೇಲೆ ಬಿದ್ದ ರಕ್ತದ ಹನಿಗಳಿಗೆ ಕೆಂಪು ತಾಮ್ರ ಕೂರಿಸಿದ್ದಾರೆ. ಕಂಚು ಏನೆಲ್ಲ ಮಾಡಬಲ್ಲದು ಎಂದು ಅಲ್ಲಿ ತಿಳಿಯುತ್ತದೆ. ಆಮೇಲೆ ಅದೇ ಕಟ್ಟಡದಲ್ಲಿರುವ ಚಕ್ರ ಎಸೆಯುವವನ ಬಳಿ ಹೋಗಿ. 1781ರಲ್ಲಿ ಸಿಕ್ಕ ಅಮೃತಶಿಲೆಯ ರೋಮನ್ ಪ್ರತಿ ಅದು, ತಲೆ ಸರಿಯಾದ ದಿಕ್ಕಿಗೇ ಇದೆ. ಹಿಂದಿನಿಂದ ಸುತ್ತಿ ನೋಡಿ, ಆಸರೆ ಎಲ್ಲಿದೆ ಎಂದು ಹುಡುಕಿ. ಕೊನೆಗೆ ಟಿವೊಲಿಯ ಸೇನಾಪತಿ. ಅವನೂ ಅಲ್ಲೇ ಇದ್ದಾನೆ. ಮೂವರನ್ನೂ ಇದೇ ಕ್ರಮದಲ್ಲಿ ನೋಡಿ, ಮತ್ತೊಮ್ಮೆ ಹಿಂದಿರುಗಿ ಮುಷ್ಟಿಕಾಳಗದವನ ಮುಖ ನೋಡಿ. ಸುಕ್ಕು, ಗಾಯ ಗ್ರೀಕರಿಗೂ ಬರುತ್ತಿತ್ತು ಎಂಬುದು ಗಮನಕ್ಕೆ ಬರುತ್ತದೆ. ಆದರೆ ಆ ಮುಷ್ಟಿಕಾಳಗದವನಿಗೆ ಹೆಸರಿನ ಅಗತ್ಯ ಇಲ್ಲ, ಅವನು ಆ ಬಗೆಯ ಎಲ್ಲ ದಣಿದ ಆಟಗಾರರ ಮುಖ. ಸೇನಾಪತಿಯ ಹೆಸರು ಈಗ ಉಳಿದಿಲ್ಲ, ಆದರೂ ಅದು ಒಬ್ಬನೇ ಒಬ್ಬನ ಮುಖ. ಅವನ ಕಾಲದಲ್ಲಿ ಟಿವೊಲಿಯವರಿಗೆ ಅವನು ಯಾರು ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು.